ಮನೆಯ ಹೊಸ್ತಿಲೂ ಅಂಗವಿಕಲ ಮಕ್ಕಳೂ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಮನೆ ಕಟ್ಟುವುದು ಎಷ್ಟು ಪ್ರಯಾಸದ ಕೆಲಸವೆಂಬುದನ್ನು ಕಟ್ಟಿದವನೇ ಬಲ್ಲ. ಆದರೆ ಕಟ್ಟಿ ಮುಗಿದ ಮನೆಯೊಳಗೆ ಹೋಗುವುದೂ ಅದರಿಂದ ಹೊರಬರುವುದೂ ದಿನನಿತ್ಯದ ಪ್ರಯಾಸವಾಗಿರುವ ಸಂಸಾರಗಳು ನಮ್ಮ ನಡುವೆ ಇವೆ. ನಡೆಯಲಾರದ ಮಗು, ಕಣ್ಣು ಕಾಣದ ಮಗು, ಕಿವಿ ಕೇಳದ ಮಗು, ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಗು, ಇಂಥ ಮಕ್ಕಳಿರುವ ಸಂಸಾರಗಳ ಮಾತನ್ನು ನಾನು ಹೇಳುತ್ತಿದ್ದೇನೆ. ಈ ಮಕ್ಕಳ ವಿದ್ಯಾಭ್ಯಾಸದ ವಿಚಾರವಾಗಿ ಸಭೆಗಳಲ್ಲಿ ಭಾಷಣಗಳಾಗುತ್ತವೆ. ಚಿಕಿತ್ಸೆಯ ವಿಚಾರವಾಗಿ ಶಿಬಿರಗಳು ನಡೆಯುತ್ತವೆ. ಮಾಸಾಶನದ ವಿಚಾರವಾಗಿ ಅರ್ಜಿಗಳು ಹೋಗುತ್ತವೆ. ಇವೆಲ್ಲವೂ ಅವಶ್ಯಕವಾದುವೇ. ಆದರೆ ಶಾಲೆಯಿಂದಾಗಲಿ, ಶಿಬಿರದಿಂದಾಗಲಿ ಮಗು ಸಂಜೆ ಹಿಂದಿರುಗುವುದು ಮನೆಗೆ. ಆ ಮನೆ ಎಂಥದೆಂದು ಕೇಳುವವರು ವಿರಳ. ಅದನ್ನು ಕೇಳಬೇಕೆಂಬುದೇ ಈ ಲೇಖನದ ಉದ್ದೇಶ.

ಸ್ವಂತ ಸಂಗತಿಯನ್ನು ಎತ್ತುವುದಕ್ಕೆ ವಾಚಕರು ಕ್ಷಮಿಸಬೇಕು. ನಾನು ಮೈಸೂರಿನ ಅಶೋಕಪುರಂನವನು. ಹಿಂದೆ ಆದಿಕರ್ನಾಟಕಪುರವೆಂದು ಕರೆಯುತ್ತಿದ್ದ ಬಡಾವಣೆಯೇ ಇಂದಿನ ಅಶೋಕಪುರಂ. ಅಲ್ಲಿನ ರೈಲು ನಿಲ್ದಾಣವನ್ನೂ ಅಂಬೇಡ್ಕರ್ ಉದ್ಯಾನವನ್ನೂ ನಮ್ಮ ಕಾಲೇಜಿನ ಅನೇಕ ಮಿತ್ರರು ಬಲ್ಲರು. ಒಳಬೀದಿಗಳನ್ನು ಬಲ್ಲವರು ಕಡಿಮೆ. ಅಂಥ ಒಂದು ಒಳಬೀದಿಯಲ್ಲಿ, ತಾತನ ಕಾಲದ ನಿವೇಶನದಲ್ಲಿ, ಕೆಳಗೆ ನಾವೂ ಮೇಲೆ ಚಿಕ್ಕಪ್ಪನವರೂ ವಾಸವಾಗಿದ್ದೇವೆ. ನನ್ನ ತಮ್ಮನಿಗೆ ಈಗ ಹದಿನಾಲ್ಕು ವರ್ಷ. ಅವನಿಗಿರುವುದು ಸೆರೆಬ್ರಲ್ ಪಾಲ್ಸಿ ಎಂಬ ತೊಂದರೆ. ಹುಟ್ಟುವ ಮೊದಲೋ ಹುಟ್ಟುವ ಸಮಯದಲ್ಲೋ ಎಳೆಯ ಮಿದುಳಿಗೆ ಪೆಟ್ಟಾಗಿ ಕೈಕಾಲುಗಳು ಹೇಳಿದಂತೆ ಕೇಳದಿರುವ ಸ್ಥಿತಿ ಅದು. ಅವನ ಬುದ್ಧಿಗೆ ಏನೂ ಕೊರತೆಯಿಲ್ಲ. ಕ್ರಿಕೆಟ್ಟಿನ ಅಂಕಗಳನ್ನು ಅವನಷ್ಟು ನಿಖರವಾಗಿ ಹೇಳಬಲ್ಲವರು ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಕೈಯಲ್ಲಿ ಗಾಲಿಯನ್ನು ನಿಧಾನವಾಗಿ ತಳ್ಳಬಲ್ಲ. ಆದರೆ ಕಾಲುಗಳ ಮೇಲೆ ನಿಲ್ಲಲಾರ.

ಅವನು ನಾಲ್ಕು ವರ್ಷದವನಾಗಿದ್ದಾಗ ಇದು ಅಷ್ಟು ದೊಡ್ಡ ಸಂಗತಿಯಾಗಿ ತೋರಲಿಲ್ಲ. ನಾಲ್ಕು ವರ್ಷದ ಮಕ್ಕಳು ತಾಯಿಯ ಕಂಕುಳಲ್ಲಿರುವುದು ಸಹಜವೇ. ಮಗು ಬೆಳೆಯಿತು, ತೂಕ ಮೂವತ್ತೈದು ಕಿಲೋ ಮುಟ್ಟಿತು, ತಾಯಿಯ ಬೆನ್ನು ಮಾತ್ರ ಅದಕ್ಕೆ ತಕ್ಕಂತೆ ಬೆಳೆಯಲಿಲ್ಲ. ಒಂದು ಶಿಬಿರದಲ್ಲಿ ಅವನಿಗೆ ಗಾಲಿ ಕುರ್ಚಿ ಕೊಟ್ಟ ದಿನ ನಮ್ಮ ಮನೆಯಲ್ಲಿ ಹಬ್ಬವೇ ಆಯಿತು. ಹಬ್ಬ ಮುಗಿದ ಮೇಲೆ ಅಳತೆಪಟ್ಟಿ ಹಿಡಿದು ನೋಡಿದೆವು. ಕುರ್ಚಿಯ ಅಗಲ ಇಪ್ಪತ್ತೈದು ಅಂಗುಲ. ಬಚ್ಚಲಮನೆಯ ಬಾಗಿಲು ಇಪ್ಪತ್ತನಾಲ್ಕು ಅಂಗುಲ. ಬೀದಿಗೂ ನಡುಮನೆಗೂ ನಡುವೆ ಮೂರು ಮೆಟ್ಟಿಲು, ಅದರ ಮೇಲೊಂದು ಹೊಸ್ತಿಲು. ಕುರ್ಚಿ ಜಗಲಿಯ ಮೇಲೆಯೇ ಉಳಿಯಿತು. ಕೆಲವು ತಿಂಗಳು ಅದರ ಮೇಲೆ ಒದ್ದೆ ಬಟ್ಟೆ ಒಣಗಿತೆಂದು ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ.

ಇದಕ್ಕಿಂತ ಮಿಗಿಲಾಗಿ ನನ್ನ ಮನಸ್ಸಿಗೆ ನೋವಾದುದು ಇನ್ನೊಂದು ವಿಷಯ. ನಾನು ಕಾಲೇಜಿಗೆ ಹೊರಟರೆ ಸಂಜೆಯವರೆಗೂ ಅವನು ನೀರು ಕುಡಿಯುತ್ತಿರಲಿಲ್ಲ. ಬೇಸಗೆಯಲ್ಲಿಯೂ ಹಾಗೆಯೇ. ಬಾಯಾರಿಕೆಯಿಲ್ಲವೆಂದು ಹೇಳುತ್ತಿದ್ದ. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕು. ಹೋಗಬೇಕಾದರೆ ತಾಯಿ ಎತ್ತಬೇಕು. ಎತ್ತಿದರೆ ಅವರಿಗೆ ಬೆನ್ನು ನೋವು. ಒಂದು ಮಗು ತನ್ನ ತಾಯಿಯ ಬೆನ್ನಿನ ಲೆಕ್ಕ ಹಾಕಿ ಬಾಯಾರಿಕೆಯನ್ನು ಅಡಗಿಸಿಕೊಳ್ಳುತ್ತಿದ್ದುದನ್ನು ನಾವು ಎರಡು ವರ್ಷ ಗಮನಿಸಲೇ ಇಲ್ಲ. ವೈದ್ಯರು ಕೇಳಿದಾಗ ವಿಷಯ ಹೊರಬಿತ್ತು.

ಇಷ್ಟಾದ ಮೇಲೆ ನಾವು ಇಳಿಜಾರು ಕಟ್ಟುವ ಯೋಚನೆ ಮಾಡಿದೆವು. ಇಲ್ಲಿ ಸ್ವಲ್ಪ ಗಣಿತವನ್ನು ವಾಚಕರು ಸಹಿಸಿಕೊಳ್ಳಬೇಕು. ಗಾಲಿ ಕುರ್ಚಿಗೆ ಯೋಗ್ಯವಾದ ಇಳಿಜಾರು ಒಂದಕ್ಕೆ ಹನ್ನೆರಡು ಎಂಬುದು ನಮ್ಮ ದೇಶದ ಮಾರ್ಗಸೂಚಿಗಳಲ್ಲಿಯೂ ಇತರ ದೇಶಗಳಲ್ಲಿಯೂ ಒಪ್ಪಿರುವ ಅಳತೆ. ಅಂದರೆ ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದ ಬೇಕು. ನಮ್ಮ ಮೆಟ್ಟಿಲುಗಳು ಏಳೇಳು ಅಂಗುಲದವು. ಮೂರು ಸೇರಿ ಇಪ್ಪತ್ತೊಂದು ಅಂಗುಲ. ಆದುದರಿಂದ ನಮಗೆ ಬೇಕಾದ ಇಳಿಜಾರು ಇಪ್ಪತ್ತೊಂದು ಅಡಿ. ನಮ್ಮ ನಿವೇಶನದ ಅಗಲವೇ ಇಪ್ಪತ್ತು ಅಡಿ! ಮೈಸೂರಿನಲ್ಲಿ ಬಡವರ ಮತ್ತು ಕೆಳ ಮಧ್ಯಮವರ್ಗದವರ ಪಾಲಿಗೆ ಬರುವ ನಿವೇಶನ ಸಾಮಾನ್ಯವಾಗಿ ಇಪ್ಪತ್ತು ಮೂವತ್ತರದು. ಅದರಲ್ಲಿ ಮೆಟ್ಟಿಲನ್ನು ಮೊದಲು ಕಟ್ಟಿ ಇಳಿಜಾರನ್ನು ಆಮೇಲೆ ಹುಡುಕಿದರೆ ಜಾಗ ದೊರೆಯುವುದು ಅಸಾಧ್ಯ. ಬಡಗಿಯೊಬ್ಬನು ಐದಡಿಯ ಹಲಗೆ ಮಾಡಿಕೊಟ್ಟ. ಅದು ಇಳಿಜಾರಾಗಿರಲಿಲ್ಲ, ಜಾರುಬಂಡೆಯಾಗಿತ್ತು. ಒಂದು ಮಳೆಯ ದಿನ ತಾಯಿ ಕುರ್ಚಿಯೊಡನೆ ಜಾರಿ ಬಿದ್ದ ಮೇಲೆ ಅದನ್ನು ತೆಗೆದುಹಾಕಿದೆವು.

ಆ ದಿನಗಳಲ್ಲಿ ನನಗೆ ಹೊಳೆದ ವಿಚಾರವೊಂದುಂಟು. ನಾವು ಯಾವಾಗಲೂ “ಇವನಿಗೆ ಮೆಟ್ಟಿಲು ಹತ್ತಲಾಗುವುದಿಲ್ಲ” ಎನ್ನುತ್ತೇವೆ. “ಈ ಮನೆಗೆ ಇವನನ್ನು ಒಳಗೆ ಬಿಟ್ಟುಕೊಳ್ಳಲಾಗುವುದಿಲ್ಲ” ಎಂದು ಯಾರೂ ಅನ್ನುವುದಿಲ್ಲ. ಎರಡೂ ಒಂದೇ ಸಂಗತಿಯನ್ನು ಹೇಳುವ ಮಾತುಗಳು. ಆದರೆ ಮೊದಲನೆಯ ಮಾತಿನಲ್ಲಿ ದೋಷ ಮಗುವಿನದು, ಅದಕ್ಕೆ ಪರಿಹಾರವಿಲ್ಲ. ಎರಡನೆಯ ಮಾತಿನಲ್ಲಿ ದೋಷ ಮನೆಯದು. ಅದಕ್ಕೆ ಗಾರೆ ಕೆಲಸದವನೇ ಸಾಕು. ಮಗುವಿನ ಕಾಲು ದೈವದತ್ತವೆನ್ನಿ, ಪ್ರಕೃತಿದತ್ತವೆನ್ನಿ; ಮೆಟ್ಟಿಲಂತೂ ಮನುಷ್ಯದತ್ತವಾದುದು. ಮನುಷ್ಯನು ಕಟ್ಟಿದುದನ್ನು ಮನುಷ್ಯನು ಬದಲಾಯಿಸಬಹುದು. ಅದಕ್ಕಿಂತ ಮೇಲಾಗಿ, ಮೊದಲೇ ಬೇರೆಯಾಗಿ ಕಟ್ಟಬಹುದು.

ಅಂಗವಿಕಲತೆಯೆಂದರೆ ಗಾಲಿ ಕುರ್ಚಿಯೊಂದೇ ಎಂದು ಭಾವಿಸಬಾರದು. ಕಣ್ಣಿಲ್ಲದ ಮಗುವಿಗೆ ಮೆಟ್ಟಿಲಿನಿಂದ ಅಷ್ಟು ತೊಂದರೆಯಿಲ್ಲ. ಬಾಗಿಲ ಮುಂದಿನ ಮುಚ್ಚದ ಚರಂಡಿಯಿಂದ, ದಿನಕ್ಕೊಂದು ಕಡೆ ನಿಲ್ಲಿಸುವ ಮೋಟಾರು ಸೈಕಲಿನಿಂದ ತೊಂದರೆ. ಕಿವಿ ಕೇಳದ ಮಗುವಿಗೆ ಒಳ್ಳೆಯ ಬೆಳಕು ಬೇಕು. ತಾಯಿಯ ತುಟಿಯನ್ನೂ ಕೈಸನ್ನೆಯನ್ನೂ ನೋಡಿಯೇ ಅದು ಮಾತು ತಿಳಿಯಬೇಕು. ಹಗಲಿನಲ್ಲಿಯೂ ಕತ್ತಲೆ ತುಂಬಿದ ಕೋಣೆಯಲ್ಲಿ ಅಂಥ ಮಗು ಮತ್ತೊಮ್ಮೆ ಕಿವುಡಾಗುತ್ತದೆ. ಆಟಿಸಂ ಇರುವ ಮಗುವಿಗೆ ಗದ್ದಲವನ್ನು ತಡೆಯುವ ಒಂದು ಮೂಲೆ ಬೇಕು. ಬೀದಿಗೆ ಓಡಿಹೋಗದಂತೆ ಭದ್ರವಾದ ಗೇಟು ಬೇಕು. ಹೀಗೆ ಒಬ್ಬೊಬ್ಬರ ಅಗತ್ಯ ಒಂದೊಂದು. ಆದರೂ ಸಮತಟ್ಟಾದ ನೆಲ, ಅಗಲವಾದ ಬಾಗಿಲು, ಗಾಳಿ ಬೆಳಕು, ಹತ್ತಿರದಲ್ಲೊಂದು ಸರಿಯಾದ ಶೌಚಗೃಹ, ಇಷ್ಟಿದ್ದರೆ ಬಹುಪಾಲು ಮಕ್ಕಳಿಗೆ ಅರ್ಧ ಕಷ್ಟ ಕಳೆಯಿತು.

ಸ್ವಂತ ಮನೆಯಿರುವ ನಮ್ಮ ಪಾಡೇ ಹೀಗಾದರೆ ಬಾಡಿಗೆದಾರರ ಪಾಡೇನು? ಮೈಸೂರಿಗೆ ಈ ಪ್ರಶ್ನೆ ಬೇರೆ ಊರುಗಳಿಗಿಂತ ಹೆಚ್ಚು ಸಂಬಂಧಪಟ್ಟುದು. ಕಣ್ಣು ಕಾಣದ ಮತ್ತು ಕಿವಿ ಕೇಳದ ಮಕ್ಕಳ ಶಾಲೆ ಇಲ್ಲಿ 1901ರಷ್ಟು ಹಿಂದೆಯೇ ಪ್ರಾರಂಭವಾಯಿತು. 1965ರಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇಲ್ಲಿ ಸ್ಥಾಪಿತವಾಯಿತು. ಈ ಸಂಸ್ಥೆಗೆ ದೂರದ ಜಿಲ್ಲೆಗಳಿಂದಲೂ ಪರರಾಜ್ಯಗಳಿಂದಲೂ ಮಕ್ಕಳನ್ನು ಕರೆತರುತ್ತಾರೆ. ಮಾತು ಕಲಿಸುವುದು ಒಂದು ದಿನದ ಚಿಕಿತ್ಸೆಯಲ್ಲ. ತಿಂಗಳುಗಟ್ಟಲೆ, ಕೆಲವು ವೇಳೆ ವರ್ಷಗಟ್ಟಲೆ ನಡೆಯುವ ತಪಸ್ಸು. ಅದಕ್ಕಾಗಿ ತಾಯಿಯೂ ಮಗುವೂ ಈ ಊರಿನಲ್ಲಿ ಕೋಣೆ ಹಿಡಿಯಬೇಕಾಗುತ್ತದೆ. ಅಂಥ ಒಬ್ಬ ತಾಯಿಗಾಗಿ ನಾನೇ ಒಂದು ಭಾನುವಾರ ಮನೆ ಹುಡುಕಿದೆ. ಆಕೆಯ ಮಗ ಮಾತು ಬಾರದವನು. ಆಗಾಗ ಜೋರಾಗಿ ಕೂಗಿಕೊಳ್ಳುವವನು. ಒಬ್ಬ ಮನೆಯ ಒಡೆಯರು ಮುಂಗಡ ಮಾತನಾಡಿ, ಮಗುವನ್ನು ನೋಡಿದೊಡನೆ ಮನೆ ಬೇರೆಯವರಿಗೆ ಗೊತ್ತಾಗಿದೆ ಎಂದರು. ಇನ್ನೊಬ್ಬರು ಅಕ್ಕಪಕ್ಕದವರ ಹೆಸರು ಹೇಳಿದರು. ಮೂರನೆಯವರು ಒಪ್ಪಿದರು, ಆದರೆ ಮನೆ ಎರಡನೆಯ ಮಹಡಿಯ ಮೇಲೆ, ಹೊರಗಿನ ಕಬ್ಬಿಣದ ಏಣಿಮೆಟ್ಟಿಲು, ತಾರಸಿಗೆ ಅರೆಗೋಡೆ. ಓಡುವ ಮಗುವನ್ನು ಇಟ್ಟುಕೊಂಡು ಅಲ್ಲಿ ಮಲಗಿದರೆ ತಾಯಿಗೆ ನಿದ್ದೆ ಬರುವುದೆಂತು? ಬಾಡಿಗೆ ಕಡಿಮೆಯಾದಷ್ಟೂ ಮೆಟ್ಟಿಲು ಹೆಚ್ಚಾಗುವುದು ನಮ್ಮ ಊರಿನ ಒಂದು ಅಲಿಖಿತ ನಿಯಮ.

“ಮನೆಯೆಂಬುದು ಅವರವರ ಸ್ವಂತ ವಿಷಯ, ಅದರಲ್ಲಿ ಸರ್ಕಾರಕ್ಕೂ ಸಮಾಜಕ್ಕೂ ಏನು ಕೆಲಸ?” ಎಂದು ಕೇಳುವವರುಂಟು. ಅವರು ನಮ್ಮ ಊರಿನ ಚರಿತ್ರೆಯನ್ನು ಒಮ್ಮೆ ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗು ಮೈಸೂರನ್ನು ಹೊಕ್ಕಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಕೇರಿಗಳಲ್ಲಿ ಜನ ಸತ್ತರು. ಆಗ ತಿಳಿದವರು ಕಂಡುಕೊಂಡ ಸತ್ಯವೇನೆಂದರೆ, ಒಬ್ಬನ ಮನೆಯ ಕತ್ತಲೆ ಊರಿನವರೆಲ್ಲರ ವಿಷಯ ಎಂಬುದು. 1903ರಲ್ಲಿ ಮೈಸೂರು ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ ಸ್ಥಾಪಿತವಾಯಿತು. ಅಗಲವಾದ ಬೀದಿಗಳು, ಚರಂಡಿಗಳು, ಹೊಸ ಬಡಾವಣೆಗಳು ಬಂದುವು. ಇಂದು ಕಿಟಕಿಯಿಲ್ಲದ ಕೋಣೆಗೆ ನಕ್ಷೆ ಮಂಜೂರು ಮಾಡಿರೆಂದು ಯಾರೂ ಕೇಳುವುದಿಲ್ಲ, ಕೇಳಿದರೆ ನಗುತ್ತಾರೆ. ಕಿಟಕಿ ಬೇಕೆಂಬುದನ್ನು ನಿಯಮ ಮಾಡಿದಾಗ ಯಾರ ಸ್ವಾತಂತ್ರ್ಯವೂ ನಷ್ಟವಾಗಲಿಲ್ಲ. ಕಿಟಕಿಗೆ ನಿಯಮವುಂಟಾದರೆ ಬಾಗಿಲಿಗೆ ಏಕಿರಬಾರದು? ಗಾಳಿ ಒಳಗೆ ಬರಬೇಕೆಂದು ಕಾಯಿದೆ ಹೇಳಬಹುದಾದರೆ, ಮಗು ಒಳಗೆ ಬರಬೇಕೆಂದು ಹೇಳಬಾರದೆ?

ನಮ್ಮ ಅಶೋಕಪುರಂನವರಿಗಂತೂ ಈ ಮಾತನ್ನು ವಿವರಿಸಿ ಹೇಳಬೇಕಾದುದಿಲ್ಲ. ಹೊಸ್ತಿಲಿನಾಚೆ ನಿಲ್ಲಿಸಿಕೊಂಡವರ ಮೊಮ್ಮಕ್ಕಳು ನಾವು. ನಮ್ಮ ತಾತಂದಿರು ಎಷ್ಟೋ ಮನೆಗಳ, ಗುಡಿಗಳ, ಶಾಲೆಗಳ ಹೊರಗೆ ನಿಂತೇ ಕೆಲಸ ಮುಗಿಸಿ ಬಂದವರು. 1927ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡದ ಚೌದಾರ ಕೆರೆಗೆ ಜನರನ್ನು ಕರೆದೊಯ್ದುದು ನೀರಿನ ರುಚಿ ನೋಡುವುದಕ್ಕಲ್ಲ. ಎಲ್ಲರಿಗೂ ತೆರೆದಿರಬೇಕಾದ ಸ್ಥಳಕ್ಕೆ ಎಲ್ಲರೂ ಇಳಿಯಬಹುದೆಂದು ತೋರಿಸುವುದಕ್ಕೆ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ನಿಷೇಧಿಸಿತು. ಪ್ರವೇಶವೆಂಬುದು ದಯೆಯಲ್ಲ, ಹಕ್ಕು ಎಂಬ ಪಾಠವನ್ನು ನಮ್ಮ ಬೀದಿ ಬಹಳ ಬೆಲೆ ಕೊಟ್ಟು ಕಲಿತಿದೆ. ಹೀಗಿರಲು ನಾವೇ ಕಟ್ಟಿಕೊಂಡ ಮನೆಯ ಮುಂದೆ ನಮ್ಮದೇ ಒಂದು ಮಗು ಹೊಸ್ತಿಲಿನಾಚೆ ಕುಳಿತಿರುವುದನ್ನು ಕಂಡು ನಾವು ಸುಮ್ಮನಿರುವುದು ತರವೇ? ಆ ಅವಮಾನವೂ ಈ ಅಡ್ಡಿಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅದು ದ್ವೇಷದಿಂದ ಬಂದುದು, ಇದು ಅಲಕ್ಷ್ಯದಿಂದ ಬಂದುದು. ಆದರೆ ಹೊರಗೆ ಕುಳಿತವನಿಗೆ ಎರಡೂ ಹೊಸ್ತಿಲುಗಳ ಎತ್ತರ ಒಂದೇ.

ಕಾನೂನು ಏನು ಹೇಳುತ್ತದೆಂದು ನೋಡೋಣ. ನಮ್ಮ ದೇಶದಲ್ಲಿ ಅಂಗವಿಕಲರಿಗಾಗಿ 1995ರಲ್ಲಿ ಒಂದು ಅಧಿನಿಯಮವಾಯಿತು. ಅದರ ಸ್ಥಾನದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ಬಂದು, 2017ರ ಏಪ್ರಿಲಿನಲ್ಲಿ ಜಾರಿಯಾಯಿತು. ಅದು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅದರ 37ನೆಯ ಪ್ರಕರಣದ ಮೇರೆಗೆ ಸರ್ಕಾರದ ವಸತಿ ಯೋಜನೆಗಳಲ್ಲಿ ಶೇಕಡ 5 ಭಾಗ, ಶೇಕಡ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವುಳ್ಳವರಿಗೆ ಮೀಸಲು. 44ನೆಯ ಪ್ರಕರಣವು, ನಿಯಮಾನುಸಾರ ಎಲ್ಲರಿಗೂ ಪ್ರವೇಶಯೋಗ್ಯವಾಗಿಲ್ಲದ ನಕ್ಷೆಗೆ ಯಾವ ಸಂಸ್ಥೆಗೂ ಕಟ್ಟಡದ ಅನುಮತಿ ಕೊಡಕೂಡದೆಂದು ಹೇಳುತ್ತದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿಯವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರವೇಶಯೋಗ್ಯತೆಯ ಮಾನದಂಡಗಳು ಕೇವಲ ಸಲಹೆಗಳಾಗಿದ್ದರೆ ಸಾಲದು, ಕಡ್ಡಾಯ ನಿಯಮಗಳಾಗಬೇಕು ಎಂದು ತೀರ್ಪಿತ್ತಿತು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ 44ನೆಯ ಪ್ರಕರಣದ ಮಾತು ಸಂಸ್ಥೆಗಳನ್ನು ಕುರಿತದ್ದು. ಕಚೇರಿ, ಆಸ್ಪತ್ರೆ, ಕಾಲೇಜುಗಳಿಗೆ ಅದು ಅನ್ವಯಿಸುತ್ತದೆ. ಇಪ್ಪತ್ತು ಮೂವತ್ತರ ನಿವೇಶನದಲ್ಲಿ ನಾನೋ ನೀವೋ ಕಟ್ಟುವ ಮನೆಗೆ ಅನ್ವಯಿಸುವುದಿಲ್ಲ. ಕಚೇರಿಗೆ ನನ್ನ ತಮ್ಮ ವರ್ಷಕ್ಕೆ ಒಂದು ಸಲ ಹೋದಾನು. ಮನೆಯಲ್ಲಿ ಅವನು ದಿನವೂ ಇರುತ್ತಾನೆ.

ವಸತಿ ಯೋಜನೆಗಳ ಮಾತು ಇನ್ನೊಂದು. 2015ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಮಾರ್ಗಸೂಚಿಯಲ್ಲಿ, ಅಂಗವಿಕಲರೂ ವೃದ್ಧರೂ ಇರುವ ಕುಟುಂಬಗಳಿಗೆ ನೆಲ ಅಂತಸ್ತಿನ ಅಥವಾ ಕೆಳ ಅಂತಸ್ತಿನ ಮನೆ ಕೊಡುವಾಗ ಆದ್ಯತೆಯಿರಬೇಕೆಂಬ ಮಾತುಂಟು. ಒಳ್ಳೆಯದು. ಆದರೆ ನೆಲ ಅಂತಸ್ತಿನ ಮನೆಗೂ ಮುಂದೆ ಮೂರು ಮೆಟ್ಟಿಲು, ಎರಡಡಿಯ ಬಚ್ಚಲ ಬಾಗಿಲು ಇಟ್ಟರೆ ಆದ್ಯತೆಯಿಂದ ಬಂದ ಫಲವೇನು? ಆ ಯೋಜನೆಯಲ್ಲಿ ಬಡವರ ಮನೆಯ ಒಳವಿಸ್ತೀರ್ಣ 30 ಚದರ ಮೀಟರು, ಅಂದರೆ ಸುಮಾರು 320 ಚದರಡಿ. ಗಾಲಿ ಕುರ್ಚಿ ಪೂರ್ತಿಯಾಗಿ ತಿರುಗಲು ಐದಡಿ ಅಗಲದ ಜಾಗ ಬೇಕು. ಚಿಕ್ಕ ಮನೆಯಲ್ಲಿಯೂ ಆ ಐದಡಿಯನ್ನು ಉಳಿಸಬಹುದು. ಆದರೆ ನಕ್ಷೆ ಬರೆಯುವಾಗಲೇ ಉಳಿಸಬೇಕು, ಬೀಗದ ಕೈ ಕೊಟ್ಟ ಮೇಲೆ ಅಲ್ಲ. ಮತ್ತೊಂದು ವಿಷಯವೇನೆಂದರೆ, ಅಂಗವಿಕಲನಾದವನು ಮಗುವಾಗಿದ್ದರೆ ಅರ್ಜಿ ಹಾಕುವವನು ಅವನಲ್ಲ, ತಂದೆತಾಯಿಗಳು. ಮಗುವಿನ ಪ್ರಮಾಣಪತ್ರದ ಆಧಾರದ ಮೇಲೆ ಕುಟುಂಬಕ್ಕೆ ಮೀಸಲಾತಿ ದೊರೆಯುತ್ತದೆಂದು ಪ್ರತಿಯೊಂದು ಅರ್ಜಿ ನಮೂನೆಯಲ್ಲಿಯೂ ಸ್ಪಷ್ಟವಾಗಿ ಅಚ್ಚಾಗಬೇಕು. ಹಾಗಿಲ್ಲದಿದ್ದರೆ ಮೇಜಿನ ಆಚೆಯವರ ಅರ್ಥವಿವರಣೆಯೇ ಕಾನೂನಾಗಿಬಿಡುತ್ತದೆ.

ಇದು ಆಗದ ಹೋಗದ ಕನಸೆಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನಲ್ಲಿ 1999ರ ಅಕ್ಟೋಬರಿನಿಂದ, ಹೊಸದಾಗಿ ಕಟ್ಟುವ ಸಾಮಾನ್ಯ ವಾಸದ ಮನೆಗಳಿಗೂ ಸುಗಮ ಪ್ರವೇಶವಿರಬೇಕು, ಪ್ರವೇಶದ ಅಂತಸ್ತಿನಲ್ಲಿ ಶೌಚಗೃಹವಿರಬೇಕು ಎಂಬ ನಿಯಮವಾಯಿತು. ಹಳೆಯ ಮನೆಗಳನ್ನು ಅಂಗವಿಕಲರಿಗೆ ತಕ್ಕಂತೆ ತಿದ್ದಿಕೊಳ್ಳಲು ಅಲ್ಲಿ ಸ್ಥಳೀಯ ಸಂಸ್ಥೆಗಳು ಸಹಾಯಧನ ಕೊಡುತ್ತವೆ. ಮಗುವಿಗಾಗಿ ಕೇಳಿದಾಗ ತಂದೆತಾಯಿಗಳ ವರಮಾನವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಮೆರಿಕದಲ್ಲಿ 1988ರ ಕಾಯಿದೆಯ ಪ್ರಕಾರ, ಅಂಗವಿಕಲ ಮಗುವಿದೆಯೆಂಬ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸುವಂತಿಲ್ಲ. ಬಾಡಿಗೆದಾರನು ತನ್ನ ಖರ್ಚಿನಲ್ಲಿ ಅವಶ್ಯಕವಾದ ಬದಲಾವಣೆ ಮಾಡಿಕೊಳ್ಳುತ್ತೇನೆಂದರೆ ಒಡೆಯನು ಕಾರಣವಿಲ್ಲದೆ ತಡೆಯುವಂತಿಲ್ಲ. ಆ ದೇಶಗಳು ಶ್ರೀಮಂತವಾದುವು, ನಿಜ. ಆದರೆ ಮೂರಡಿಯ ಬಾಗಿಲಿಡುವುದಕ್ಕೆ ಶ್ರೀಮಂತಿಕೆ ಬೇಕಾಗಿಲ್ಲ; ಕಟ್ಟುವ ಮೊದಲು ಒಂದು ಕ್ಷಣದ ಯೋಚನೆ ಬೇಕು.

ಇನ್ನು ಆಕ್ಷೇಪಣೆಗಳನ್ನು ಪರಿಶೀಲಿಸೋಣ. “ಎಲ್ಲೋ ಒಂದು ಮಗುವಿಗಾಗಿ ಎಲ್ಲರೂ ಏಕೆ ಬದಲಾಯಿಸಬೇಕು?” ಎಂಬುದು ಮೊದಲನೆಯದು. 2011ರ ಜನಗಣತಿಯಂತೆ ದೇಶದಲ್ಲಿ ಅಂಗವಿಕಲರು 2 ಕೋಟಿ 68 ಲಕ್ಷ. ಕರ್ನಾಟಕದಲ್ಲಿ 13 ಲಕ್ಷಕ್ಕೂ ಮೇಲೆ. ಇವರೊಡನೆ ವೃದ್ಧರನ್ನೂ ಬಸುರಿ ಬಾಣಂತಿಯರನ್ನೂ ಕಾಲು ಮುರಿದುಕೊಂಡು ತಿಂಗಳು ಮಲಗಿದವರನ್ನೂ ಸೇರಿಸಿ. ಮೆಟ್ಟಿಲು ಭಾರವಾಗದೆ ಬಾಳಿದ ಮನುಷ್ಯನಾರು? ನನ್ನ ತಮ್ಮನಿಗಾಗಿ ಇಳಿಜಾರು ಮಾಡಿದರೆ ನನ್ನ ಅಜ್ಜಿಯೂ ಅದರ ಮೇಲೆಯೇ ನಡೆಯುತ್ತಾಳೆ. ಗ್ಯಾಸಿನ ಸಿಲಿಂಡರು ತರುವವನೂ ಅದರ ಮೇಲೆಯೇ ಬರುತ್ತಾನೆ. ಮೇಲಾಗಿ, ಯಾವ ಮನೆಯಲ್ಲಿ ಅಂಥ ಮಗು ಹುಟ್ಟುವುದೆಂದು ಮುಂಚಿತವಾಗಿ ತಿಳಿದವರಿಲ್ಲ. ಆದುದರಿಂದಲೇ ಎಲ್ಲ ಮನೆಗಳೂ ಸಿದ್ಧವಾಗಿರಬೇಕಾದುದು.

“ಹೊಸ್ತಿಲು ಲಕ್ಷ್ಮಿಯ ಸ್ಥಾನ, ಅದನ್ನು ತೆಗೆಯುವುದು ಶಾಸ್ತ್ರಕ್ಕೆ ವಿರೋಧ” ಎಂಬುದು ಎರಡನೆಯದು. ನನ್ನ ತಾಯಿಯೂ ಇದನ್ನೇ ಹೇಳಿದರು. ಹೊಸ್ತಿಲಿಗೆ ಅರಿಸಿನ ಕುಂಕುಮವಿಡುವ ಪದ್ಧತಿ ಸುಂದರವಾದುದೇ. ಆದರೆ ಹೊಸ್ತಿಲಿಗೆ ಎತ್ತರವೇ ಇರಬೇಕೆಂದಿಲ್ಲ. ನೆಲದ ಮಟ್ಟಕ್ಕೆ ಕೂಡಿಸಿದ ಒಂದು ಕಲ್ಲಿನ ಪಟ್ಟಿಗೂ ಅರಿಸಿನ ಹಚ್ಚಬಹುದು, ರಂಗೋಲಿ ಇಡಬಹುದು. ಮನೆಯ ಮಗುವನ್ನು ಹೊರಗೆ ನಿಲ್ಲಿಸಿ ಒಳಗೆ ಬರಲು ಲಕ್ಷ್ಮಿಯೇ ಸಂಕೋಚಪಟ್ಟಾಳು.

ಮೂರನೆಯ ಆಕ್ಷೇಪಣೆಯೇ ಗಟ್ಟಿಯಾದುದು. “ಮೆಟ್ಟಿಲಿಲ್ಲದೆ ಕಟ್ಟಿದರೆ ಮಳೆಯ ನೀರು ಮನೆಗೆ ನುಗ್ಗುತ್ತದೆ” ಎಂಬುದು. ಇದು ಸುಳ್ಳಲ್ಲ. ನಮ್ಮ ಬೀದಿಗಳಿಗೆ ಡಾಂಬರು ಹಾಕುವಾಗ ಹಳೆಯ ಪದರವನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುವುದನ್ನು ಕಂಡಿದ್ದೇವೆ. ಪ್ರತಿ ಸಲವೂ ಬೀದಿ ಎರಡು ಅಂಗುಲ ಏರುತ್ತದೆ. ಬೀದಿ ಏರಿತೆಂದು ಹೊಸ ಮನೆಯವರು ತಳಪಾಯ ಏರಿಸುತ್ತಾರೆ. ಹೀಗೆ ಬೀದಿಗೂ ಮನೆಗೂ ಏರುವ ಪಂದ್ಯ ನಡೆದಿದೆ. ಅದರಲ್ಲಿ ಸೋಲುವವನು ಏರಲಾರದವನು. ಇದಕ್ಕೆ ಪರಿಹಾರ ಮನೆಯವನೊಬ್ಬನಿಂದಾಗದು. ಹಳೆಯ ಪದರ ತೆಗೆದು ಡಾಂಬರು ಹಾಕಬೇಕು. ಚರಂಡಿ ಹೂಳು ತೆಗೆದಿರಬೇಕು. ಬಾಗಿಲ ಮುಂದೆ ಅಡ್ಡಕ್ಕೆ ಕಬ್ಬಿಣದ ಜಾಲರಿ ಹೊದಿಸಿದ ಸಣ್ಣ ಕಾಲುವೆ ತೆಗೆದರೆ ನೀರು ಅದರಲ್ಲಿ ಇಳಿಯುತ್ತದೆ, ಗಾಲಿ ಅದರ ಮೇಲೆ ಹಾಯುತ್ತದೆ. ಮನೆಯ ಮಟ್ಟ ಆರು ಅಂಗುಲಕ್ಕೆ ನಿಂತರೆ ಇಳಿಜಾರಿಗೆ ಆರು ಅಡಿ ಸಾಕು. ಇಪ್ಪತ್ತಡಿಯ ನಿವೇಶನದಲ್ಲಿ ಆರು ಅಡಿ ಇದೆ. ಇಪ್ಪತ್ತೊಂದು ಅಡಿ ಇಲ್ಲ.

ಹಾಗಾದರೆ ಮಾಡಬೇಕಾದುದೇನು? ನನ್ನ ಅಲ್ಪಬುದ್ಧಿಗೆ ತೋರಿದ ನಾಲ್ಕು ಮಾತುಗಳನ್ನು ವಿನಯದಿಂದ ಮುಂದಿಡುತ್ತೇನೆ. ಮೊದಲನೆಯದು, ನಗರದಲ್ಲಿ ಹೊಸದಾಗಿ ಕಟ್ಟುವ ಯಾವ ಮನೆಯ ನಕ್ಷೆಗಾದರೂ ಮಂಜೂರಾತಿ ಕೊಡುವ ಮೊದಲು, ನೆಲ ಅಂತಸ್ತಿನಲ್ಲಿ ಮೆಟ್ಟಿಲಿಲ್ಲದ ಒಂದು ಪ್ರವೇಶ, ಮೂರಡಿ ಅಗಲದ ಬಾಗಿಲುಗಳು, ಗಾಲಿ ಕುರ್ಚಿ ಹೋಗಬಹುದಾದ ಒಂದು ಶೌಚಗೃಹ, ಈ ಮೂರನ್ನು ನೋಡಬೇಕು. ಎರಡನೆಯದು, ಸರ್ಕಾರದ ವಸತಿ ಯೋಜನೆಗಳಲ್ಲಿ ನೆಲ ಅಂತಸ್ತಿನ ಮನೆಗಳನ್ನು ಮೊದಲಿನಿಂದಲೇ ಹಾಗೆ ಕಟ್ಟಬೇಕು. ಹಂಚುವಾಗ ಅಂಗವಿಕಲ ಮಗುವಿರುವ ಕುಟುಂಬವನ್ನು ಶಾಲೆಗೂ ಚಿಕಿತ್ಸಾ ಕೇಂದ್ರಕ್ಕೂ ಹತ್ತಿರವಿರುವ ಕಡೆ ಇರಿಸಬೇಕು. ಊರಾಚೆ ಬಸ್ಸಿಲ್ಲದ ಬಡಾವಣೆಯಲ್ಲಿ ಎಷ್ಟು ಒಳ್ಳೆಯ ಮನೆ ಕೊಟ್ಟರೂ ಅದು ಸೆರೆಮನೆಯೇ. ಮೂರನೆಯದು, ಅಂಗವಿಕಲರ ಕ್ಷೇಮಕ್ಕೆಂದು ಹಣದ ಒಂದು ಪಾಲನ್ನು ಮೀಸಲಿಡುವ ಪದ್ಧತಿ ಕರ್ನಾಟಕದ ಸ್ಥಳೀಯ ಸಂಸ್ಥೆಗಳಲ್ಲಿ ಉಂಟಷ್ಟೆ. ಅದರಿಂದ ಹಳೆಯ ಮನೆಗಳ ಬಾಗಿಲು ಬಚ್ಚಲುಗಳನ್ನು ತಿದ್ದಿಕೊಳ್ಳಲು ಸಣ್ಣ ಸಹಾಯಧನ ಕೊಡಬೇಕು. ನಾಲ್ಕನೆಯದು, ಮಗುವಿನ ಅಂಗವೈಕಲ್ಯ ಬಾಡಿಗೆ ನಿರಾಕರಿಸಲು ಕಾರಣವಾಗಕೂಡದು. ಬಿಡುವಾಗ ಸರಿಪಡಿಸಿ ಕೊಡುವ ಕರಾರಿನ ಮೇಲೆ ಹಿಡಿಕಂಬಿ, ಇಳಿಜಾರುಗಳನ್ನು ಹಾಕಿಕೊಳ್ಳಲು ಬಾಡಿಗೆದಾರನಿಗೆ ಅವಕಾಶವಿರಬೇಕು.

ಸಣ್ಣ ಸಹಾಯವೆಂದೆ. ಎಷ್ಟು ಸಣ್ಣದೆಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ಕಳೆದ ವರ್ಷ ದಸರಾ ರಜೆಯಲ್ಲಿ ತಂದೆಯವರು ಒಬ್ಬ ಮೇಸ್ತ್ರಿಯನ್ನು ಕರೆಸಿ ಬಚ್ಚಲಮನೆಯ ಬಾಗಿಲ ಗೋಡೆಯನ್ನು ಒಂದಡಿ ಒಡೆಸಿದರು. ಬಾಗಿಲು ಮೂರಡಿಯಾಯಿತು. ಒಳಗಿನ ಕಟ್ಟೆ ಹೋಯಿತು. ಕುಳಿತುಕೊಳ್ಳುವ ಎತ್ತರದ ಶೌಚಪೀಠ ಬಂದಿತು. ಬೆಸುಗೆಯವನು ಗೋಡೆಗೆ ಎರಡು ಕಬ್ಬಿಣದ ಕಂಬಿ ಹಾಕಿಕೊಟ್ಟ. ಎರಡು ದಿನದ ಕೆಲಸ. ಈಗ ತಮ್ಮ ಒಳಗೆ ತಾನೇ ಹೋಗುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ. ಬೇಗ ಬಾ ಎಂದು ಕೂಗಿದರೆ ಒಳಗಿನಿಂದಲೇ ಗದರುತ್ತಾನೆ. ಮಧ್ಯಾಹ್ನ ಬೇಕಾದಷ್ಟು ನೀರು ಕುಡಿಯುತ್ತಾನೆ.

ಹೊರಗಿನ ಮೂರು ಮೆಟ್ಟಿಲುಗಳು ಇನ್ನೂ ಹಾಗೆಯೇ ಇವೆ. ಅವನ್ನು ತೆಗೆಯುವುದು ನಮ್ಮೊಬ್ಬರ ಕೈಯಲ್ಲಿಲ್ಲ. ಬೀದಿಯ ಅಂಚಿನ ಸ್ವಲ್ಪ ಜಾಗ ಬೇಕೆಂದು ಕೇಳಿದುದಕ್ಕೆ ಒಂದು ಕಚೇರಿಯಲ್ಲಿ, ಅದು ಒತ್ತುವರಿಯಾಗುತ್ತದೆ ಎಂದರು. ಅದೇ ಬೀದಿಯಲ್ಲಿ ಕಾರುಗಳು ಹಗಲಿರುಳೂ ನಿಂತಿರುವುದು ಯಾರಿಗೂ ಒತ್ತುವರಿಯಾಗಿ ಕಾಣುವುದಿಲ್ಲ. ಸದ್ಯಕ್ಕೆ ಬೆಳಗ್ಗೆ ನಾನು ಅವನನ್ನು ಇಳಿಸುತ್ತೇನೆ, ಸಂಜೆ ಹತ್ತಿಸುತ್ತೇನೆ. ಮುಂದಿನ ವರ್ಷ ನನ್ನ ಪದವಿ ಮುಗಿಯುತ್ತದೆ. ಕೆಲಸ ಈ ಊರಿನಲ್ಲಿಯೇ ಸಿಗುವುದೆಂಬ ಭರವಸೆಯಿಲ್ಲ. ಅರ್ಜಿ ಬರೆಯುವಾಗಲೆಲ್ಲ ಆ ಮೂರು ಮೆಟ್ಟಿಲುಗಳು ಕಣ್ಣ ಮುಂದೆ ಬರುತ್ತವೆ. ಅಣ್ಣನಾದವನು ಊರು ಬಿಡುವುದು ತಮ್ಮನಿಗೆ ಶಿಕ್ಷೆಯಾಗಬಾರದು. ತಮ್ಮನಿರುವುದು ಅಣ್ಣನಿಗೆ ಸಂಕೋಲೆಯಾಗಬಾರದು. ಇಬ್ಬರ ನಡುವೆ ಇರುವ ಅಡ್ಡಿ ಇಪ್ಪತ್ತೊಂದು ಅಂಗುಲದ್ದು ಮಾತ್ರ.

ಸಹಪಾಠಿ ಮಿತ್ರರೇ, ನಮ್ಮಲ್ಲಿ ಕೆಲವರು ನಾಳೆ ಗುಮಾಸ್ತರಾಗಿ ನಕ್ಷೆಯ ಕಡತಗಳನ್ನು ನೋಡುವಿರಿ, ಕೆಲವರು ಪುರಸಭೆಗಳಲ್ಲಿ ಸದಸ್ಯರಾಗುವಿರಿ, ಕೆಲವರು ಉಪಾಧ್ಯಾಯರಾಗುವಿರಿ, ಹೆಚ್ಚಿನವರು ಎಂದಾದರೂ ಒಂದು ದಿನ ಸ್ವಂತ ಮನೆ ಕಟ್ಟುವಿರಿ. ಆ ದಿನ ಮೇಸ್ತ್ರಿಯು ದಾರ ಹಿಡಿದು ಬಾಗಿಲಿನ ಅಗಲ ಎಷ್ಟಿರಲಿ ಎಂದು ಕೇಳುತ್ತಾನೆ. ಮೂರಡಿ ಇರಲಿ ಎಂದು ಹೇಳಿ. ಮೆಟ್ಟಿಲು ಎಷ್ಟೆಂದು ಕೇಳಿದರೆ ಬೇಡವೆಂದು ಹೇಳಿ. ನಿಮ್ಮ ಮನೆಯಲ್ಲಿ ಅಂಥ ಮಗು ಹುಟ್ಟದಿರಲಿ ಎಂದು ಹಾರೈಸುವ ಜನ ಬಹಳ ಮಂದಿ ಇದ್ದಾರೆ. ಹುಟ್ಟಿದರೂ ಅದು ತನ್ನ ಮನೆಯ ಬಾಗಿಲಲ್ಲಿ ತಾನೇ ಒಳಗೆ ಬರುವಂತಾಗಲಿ ಎಂಬುದು ನನ್ನ ಹಾರೈಕೆ.